ಮೂಳೆಯ ದ್ವೀಪ ‘ಪಶ್ಚಿಮ’ವಾದದ್ದು ಹೇಗೆ? ಸ್ಪ್ಯಾನಿಷ್ ಕಡಲಂಚಿನ ಪದಗಳು ಇಂಗ್ಲಿಷಿಗೆ ದಾಟುವ ಬಗೆ

ಅಮೆರಿಕದ ಫ್ಲೋರಿಡಾ ರಾಜ್ಯದ ದಕ್ಷಿಣ ತುದಿಯಿಂದ ಪುಟ್ಟ ದ್ವೀಪಗಳ ಸಾಲೊಂದು ಕಡಲೊಳಗೆ ಬಾಗಿಕೊಂಡು ಹೋಗುತ್ತದೆ. ಆ ಸಾಲಿನಲ್ಲಿ ರಸ್ತೆ ಮುಗಿಯುವ ಜಾಗದ ಊರೇ ಕೀ ವೆಸ್ಟ್. ಹೆಸರು ಕೇಳಿದವರಿಗೆ ‘ಪಶ್ಚಿಮದ ಕೀಲಿ’ ಎಂಬ ಅರ್ಥ ಹೊಳೆಯುತ್ತದೆ. ಆದರೆ ಈ ಹೆಸರಲ್ಲಿ ಕೀಲಿಯೂ ಇಲ್ಲ, ಪಶ್ಚಿಮವೂ ಇಲ್ಲ. ಸ್ಪೇನಿನ ನಾವಿಕರು ಇದನ್ನು ‘ಕಾಯೊ ವೆಸೊ’ ಎಂದು ಕರೆದಿದ್ದರು. ಕಾಯೊ ಎಂದರೆ ಮರಳು, ಹವಳಗಳಿಂದಾದ ತಗ್ಗು ದ್ವೀಪ. ವೆಸೊ ಎಂದರೆ ಮೂಳೆ. ಇಂಗ್ಲಿಷರ ಕಿವಿಗೆ ‘ವೆಸೊ’ ‘ವೆಸ್ಟ್’ ಆಗಿ ಬಿತ್ತು. ದ್ವೀಪ ಸಾಲಿನ ಪಶ್ಚಿಮಕ್ಕೇ ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ‘ಕಾಯೊ’ ‘ಕೀ’ ಆಯಿತು.

2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮೆಕ್ಸಿಕೊ ಕೊಲ್ಲಿಯನ್ನು ‘ಅಮೆರಿಕ ಕೊಲ್ಲಿ’ ಎಂದು ಕರೆಯುವ ಆದೇಶಕ್ಕೆ ಸಹಿ ಹಾಕಿದಾಗ, ಕಡಲ ಹೆಸರುಗಳು ನಮ್ಮ ಪತ್ರಿಕೆಗಳ ಮುಖಪುಟಕ್ಕೂ ಬಂದವು. ಆ ಸುದ್ದಿಯ ಹಿಂದೆ ರಾಜಕೀಯವಿದೆ, ಅದು ಬೇರೆ ಮಾತು. ಆದರೆ ಆ ಹೊತ್ತಿಗೆ ಎದ್ದ ಕೆಲವು ಪ್ರಶ್ನೆಗಳು ಭಾಷೆಗೆ ಸೇರಿದವು. ‘ಗೋಲ್ಫೊ’ ಎಂದರೇನು? ಅದಕ್ಕೂ ‘ಬಾಇಯಾ’ಕ್ಕೂ ಏನು ವ್ಯತ್ಯಾಸ? ಸ್ಪ್ಯಾನಿಷ್ ನಕ್ಷೆಯ ಪದವನ್ನು ಇಂಗ್ಲಿಷಿಗೆ ತರುವವರು ಯಾವ ಆಧಾರದ ಮೇಲೆ ತರುತ್ತಾರೆ? ಇಂಗ್ಲಿಷ್ ಮೂಲಕವೇ ಜಗತ್ತಿನ ಸುದ್ದಿಯನ್ನು ಕನ್ನಡಕ್ಕೆ ತರುವ ನಮಗೆ ಇದು ದೂರದ ವಿಷಯವಲ್ಲ. ಅಲ್ಲಿ ಆದ ತಪ್ಪು ಇಲ್ಲಿಗೂ ಹಾಗೇ ಇಳಿದು ಬರುತ್ತದೆ.

ಹೆಸರಿನೊಳಗಿನ ಎರಡು ತುಂಡು

ಯಾವುದೇ ಊರು-ಕೇರಿಯ ಹೆಸರನ್ನು ಬಿಡಿಸಿ ನೋಡಿದರೆ ಸಾಮಾನ್ಯವಾಗಿ ಎರಡು ತುಂಡು ಸಿಗುತ್ತವೆ. ‘ಶರಾವತಿ ನದಿ’ಯಲ್ಲಿ ‘ನದಿ’ ಎಂಬುದು ಅದು ಯಾವ ಬಗೆಯ ವಸ್ತು ಎಂದು ಹೇಳುತ್ತದೆ. ‘ಶರಾವತಿ’ ಎಂಬುದು ಆ ಬಗೆಯಲ್ಲಿ ಯಾವುದು ಎಂದು ಹೇಳುತ್ತದೆ. ಮೊದಲಿನದನ್ನು ಬಗೆಪದ ಎನ್ನೋಣ, ಎರಡನೆಯದನ್ನು ಗುರುತುಪದ. ಬಗೆಪದವನ್ನು ಅನುವಾದಿಸಬೇಕು, ಗುರುತುಪದವನ್ನು ಹಾಗೇ ಬಿಡಬೇಕು ಎಂಬುದು ಅನುವಾದಕರು ಮೊದಲು ಕಲಿಯುವ ಪಾಠ. ‘ಎಸ್ತ್ರೇಚೊ ದೆ ಮಗಾಯಾನೆಸ್’ ಎಂಬಲ್ಲಿ ಎಸ್ತ್ರೇಚೊ ಎಂದರೆ ಇಕ್ಕಟ್ಟು. ಅದು ಇಂಗ್ಲಿಷಿನಲ್ಲಿ ‘ಸ್ಟ್ರೇಟ್’ ಆಗುತ್ತದೆ, ನಮ್ಮಲ್ಲಿ ‘ಮೆಗಲನ್ ಜಲಸಂಧಿ’.

ಈ ಪಾಠ ಅರ್ಧ ದಾರಿಯವರೆಗೆ ಮಾತ್ರ ಕೈ ಹಿಡಿಯುತ್ತದೆ. ‘ಕೋಸ್ಟಾ ರಿಕಾ’ ಎಂದರೆ ‘ಸಿರಿವಂತ ಕರಾವಳಿ’. ಅದೀಗ ಒಂದು ದೇಶದ ಹೆಸರು, ಅದನ್ನು ಯಾರೂ ಬಿಡಿಸಿ ಅನುವಾದಿಸುವುದಿಲ್ಲ. ಲಾಸ್ ಏಂಜಲಿಸ್‌ನಲ್ಲಿ ‘ಲಾ ಬ್ರೇಯಾ ಟಾರ್ ಪಿಟ್ಸ್’ ಎಂಬ ಜಾಗವಿದೆ. ಬ್ರೇಯಾ ಎಂದರೇ ಡಾಂಬರು, ಟಾರ್ ಎಂದರೂ ಡಾಂಬರು. ‘ಗೇಟು ಬಾಗಿಲು’ ಎಂದ ಹಾಗೆ. ಅಮೆರಿಕದ ನಕ್ಷೆಯ ತುಂಬ ಇಂಥ ಜೋಡಿಗಳಿವೆ.

ನಿಜವಾದ ತೊಡಕು ಬಗೆಪದದ ಒಳಗೇ ಇದೆ. ಕಡಲಂಚಿನ ಪದಗಳನ್ನು ಭೂಗೋಳದ ಮೇಷ್ಟ್ರು ಕೂತು ಕಟ್ಟಲಿಲ್ಲ. ದೋಣಿಯಲ್ಲಿ ನಿಂತವರು ತಮಗೆ ಕಂಡ ಆಕಾರಕ್ಕೆ, ಆ ಜಾಗದಲ್ಲಿ ತಮಗೆ ಆಗಬೇಕಿದ್ದ ಕೆಲಸಕ್ಕೆ ತಕ್ಕಂತೆ ಹೆಸರು ಕೂಗಿದರು. ಹಾಗಾಗಿ ನಿಘಂಟು ತೆಗೆಯುವ ಮೊದಲು ಅನುವಾದಕರು ನಕ್ಷೆ ತೆಗೆದು ಅಲ್ಲಿನ ನೀರು ಹೇಗಿದೆ ಎಂದು ನೋಡಬೇಕಾಗುತ್ತದೆ. ಈ ಲೇಖನ ಹೇಳಹೊರಟಿರುವುದು ಅದೊಂದನ್ನೇ.

ಈ ದೋಣಿಯವರ ಕಣ್ಣಿಗೆ ಕರಾವಳಿ ಒಂದು ಮೈಯಾಗಿ ಕಂಡಿದೆ. ಬೋಕಾ ಎಂದರೆ ಬಾಯಿ, ಕಡಲು ಒಳನುಗ್ಗುವ ಕಿಂಡಿ. ಗೋಲಾ ಎಂದರೆ ಗಂಟಲು, ಎರಡು ನೀರನ್ನು ಸೇರಿಸುವ ಕಿರುಗಾಲುವೆ. ಸೇನೊ ಎಂದರೆ ಎದೆ, ಮಡಿಲು. ಕಾಬೊ ಎಂಬ ಪದ ತಲೆ ಎಂಬರ್ಥದ ಲ್ಯಾಟಿನ್ ‘ಕಾಪುತ್’ನಿಂದ ಬಂದದ್ದು, ಇಂಗ್ಲಿಷಿನ ‘ಕೇಪ್’ ಕೂಡ ಅದೇ ಬೇರಿನದು. ನಾವು ಅದನ್ನು ‘ಭೂಶಿರ’ ಎನ್ನುತ್ತೇವೆ, ಭೂಮಿಯ ತಲೆ! ಕಾರವಾರ ದಾಟಿ ಗೋವಾದ ಕಾಣಕೋಣದತ್ತ ಹೋದವರು ‘ಕಾಬೊ ದೆ ರಾಮಾ’ ಕೋಟೆ ನೋಡಿರಬಹುದು. ಅದು ಪೋರ್ಚುಗೀಸರ ಹೆಸರು. ಪೋರ್ಚುಗೀಸ್ ಸ್ಪ್ಯಾನಿಷ್‌ನ ಅಕ್ಕಪಕ್ಕದ ಭಾಷೆ, ‘ಕಾಬೊ’ ಎರಡರಲ್ಲೂ ಒಂದೇ. ಗೋವಾದ ಅಗ್ವಾಡಾ ಕೋಟೆಯ ‘ಅಗ್ವಾಡಾ’ ಕೂಡ ಎರಡೂ ಭಾಷೆಯ ನಾವಿಕರ ಪದ. ಹಡಗಿಗೆ ಸಿಹಿನೀರು ತುಂಬಿಸಿಕೊಳ್ಳುವ ತಾಣ ಎಂದು ಅದರರ್ಥ. ಪೋರ್ಟೊ ರಿಕೊ ದ್ವೀಪದಲ್ಲಿಯೂ ಅಗ್ವಾಡಾ ಎಂಬ ಊರಿದೆ.

ಕೊಲ್ಲಿ ಎಂಬ ಒಂದೇ ಪದದೊಳಗೆ

ಕನ್ನಡದಲ್ಲಿ ನಮಗೆ ಒಂದು ಅನುಕೂಲವಿದೆ. ಬಂಗಾಳದ್ದೂ ಕೊಲ್ಲಿ, ಪರ್ಷಿಯಾದ್ದೂ ಕೊಲ್ಲಿ, ಮೆಕ್ಸಿಕೊದ್ದೂ ಕೊಲ್ಲಿ. ಇಂಗ್ಲಿಷಿನವರು ಮೊದಲನೆಯದನ್ನು ‘ಬೇ’ ಎಂದು, ಉಳಿದೆರಡನ್ನು ‘ಗಲ್ಫ್’ ಎಂದು ಕರೆಯುತ್ತಾರೆ. ಶಾಲೆಯಲ್ಲಿ ‘ಗಲ್ಫ್ ದೊಡ್ಡದು, ಬೇ ಚಿಕ್ಕದು’ ಎಂದು ಕಲಿತವರು ಬಂಗಾಳ ಕೊಲ್ಲಿಯ ಮುಂದೆ ತಬ್ಬಿಬ್ಬಾಗುತ್ತಾರೆ. ಅದು ಜಗತ್ತಿನಲ್ಲೇ ಅತಿ ದೊಡ್ಡ ಕೊಲ್ಲಿ, ಆದರೂ ಹೆಸರು ‘ಬೇ’.

ಸ್ಪ್ಯಾನಿಷ್‌ನಲ್ಲಿ ಗೋಲ್ಫೊ ದೊಡ್ಡದು, ಬಾಇಯಾ ಅದಕ್ಕಿಂತ ಚಿಕ್ಕದು, ಎನ್ಸೆನಾದಾ ಇನ್ನೂ ಚಿಕ್ಕದು, ಕಾಲಾ ಎಂಬುದು ಬಂಡೆಗಳ ನಡುವೆ ನಾಲ್ಕಾರು ದೋಣಿ ನಿಲ್ಲುವಷ್ಟು ಪುಟ್ಟ ತಿರುವು. ಈ ಏಣಿಯ ಪ್ರಕಾರ ಅವರು ನಮ್ಮ ಬಂಗಾಳ ಕೊಲ್ಲಿಯನ್ನು ‘ಗೋಲ್ಫೊ ದೆ ಬೆಂಗಾಲಾ’ ಎನ್ನುತ್ತಾರೆ. ಸ್ಪೇನಿನ ಉತ್ತರಕ್ಕಿರುವ ಬಿಸ್ಕೆ ಕೊಲ್ಲಿ ಇಂಗ್ಲಿಷಿನಲ್ಲಿ ‘ಬೇ’, ಸ್ಪ್ಯಾನಿಷ್‌ನಲ್ಲಿ ‘ಗೋಲ್ಫೊ ದೆ ವಿಸ್ಕಾಯಾ’. ಆದ್ದರಿಂದ ‘ಗೋಲ್ಫೊ ಎಂದರೆ ಗಲ್ಫ್’ ಎಂದು ಕಣ್ಣುಮುಚ್ಚಿ ಬರೆದರೆ ಇಂಗ್ಲಿಷ್ ಓದುಗ ಎಂದೂ ಕೇಳದ ಹೆಸರೊಂದು ಹುಟ್ಟುತ್ತದೆ. ರೂಢಿಯಲ್ಲಿರುವ ಹೆಸರು ಇದ್ದಲ್ಲಿ ಅದೇ ನಿಲ್ಲಬೇಕು, ಇಲ್ಲದಿದ್ದಲ್ಲಿ ಮಾತ್ರ ಅರ್ಥ ಹುಡುಕಬೇಕು.

ಸೇನೊ ಎಂಬ ಪದ ಇನ್ನೂ ಸ್ವಾರಸ್ಯದ್ದು. ‘ಎನ್ಸೆನಾದಾ’ ಹುಟ್ಟಿದ್ದೂ ಇದರಿಂದಲೇ. ಮಡಿಲೊಳಗೆ ಸೇರಿಸಿಕೊಂಡದ್ದು ಎಂಬ ಭಾವ ಅದರಲ್ಲಿದೆ. ಚಿಲಿ ದೇಶದ ದಕ್ಷಿಣದಲ್ಲಿ ‘ಸೇನೊ ಉಲ್ತಿಮಾ ಎಸ್ಪೆರಾನ್ಸಾ’ ಎಂಬ ಕಡಲ ತೋಳಿದೆ. 1557ರಲ್ಲಿ ಹ್ವಾನ್ ಲಾದ್ರಿಯೇರೊ ಎಂಬ ನಾವಿಕ ಮೆಗಲನ್ ಜಲಸಂಧಿಗೆ ದಾರಿ ಹುಡುಕುತ್ತ ಇದೇ ಕೊನೆಯ ಆಸೆ ಎಂದು ಇದರೊಳಗೆ ಹೊಕ್ಕ, ಅದರಿಂದಲೇ ಆ ಹೆಸರು. ಇಂಗ್ಲಿಷಿನಲ್ಲಿ ಇದು ‘ಲಾಸ್ಟ್ ಹೋಪ್ ಸೌಂಡ್’. ಇಲ್ಲಿ ಸೌಂಡ್ ಎಂದರೆ ಸದ್ದಲ್ಲ. ಉದ್ದವಾದ ಕಡಲ ತೋಳಿಗೂ, ದ್ವೀಪಗಳ ನಡುವಿನ ನೀರಿಗೂ ಇಂಗ್ಲಿಷಿನಲ್ಲಿ ಹಳೆಯ ಹೆಸರದು. ಆದರೆ ಅದೇ ‘ಸೌಂಡ್’ ಎಲ್ಲ ಕಡೆ ‘ಸೇನೊ’ ಆಗುವುದಿಲ್ಲ. ಫಾಕ್‌ಲ್ಯಾಂಡ್ ದ್ವೀಪಗಳ ಎರಡು ದೊಡ್ಡ ತುಂಡುಗಳ ನಡುವೆ ಹಾದುಹೋಗುವ ‘ಫಾಕ್‌ಲ್ಯಾಂಡ್ ಸೌಂಡ್’ ಸ್ಪ್ಯಾನಿಷ್‌ನಲ್ಲಿ ‘ಎಸ್ತ್ರೇಚೊ ದೆ ಸಾನ್ ಕಾರ್ಲೋಸ್’, ಅಂದರೆ ಜಲಸಂಧಿ. ಒಂದು ಕಡೆ ಮುಚ್ಚಿಕೊಂಡದ್ದು ಸೇನೊ, ಎರಡೂ ಕಡೆ ತೆರೆದದ್ದು ಎಸ್ತ್ರೇಚೊ. ಸ್ಪ್ಯಾನಿಷ್ ನೋಡುವ ಈ ಭೇದವನ್ನು ಇಂಗ್ಲಿಷ್ ನೋಡುವುದಿಲ್ಲ.

ರೀಯಾ: ನದಿಯ ಹೆಣ್ಣುರೂಪ

ಸ್ಪ್ಯಾನಿಷ್‌ನಲ್ಲಿ ರೀಯೊ ಎಂದರೆ ನದಿ, ಗಂಡು ಪದ. ಅದರ ಕೊನೆಯ ಸ್ವರ ಬದಲಾಗಿ ರೀಯಾ ಆದರೆ ಹೆಣ್ಣು ಪದ. ಹೆಣ್ಣುರೂಪದ ಅರ್ಥ ಮಾತ್ರ ಬೇರೆ. ಕಡಲು ಒಳಹೊಕ್ಕು ಮುಳುಗಿಸಿದ ನದಿಕಣಿವೆಯೇ ರೀಯಾ.

ಇದು ಆದದ್ದು ಹೀಗೆ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ ಉತ್ತುಂಗದಲ್ಲಿದ್ದಾಗ ಭೂಮಿಯ ನೀರಿನ ದೊಡ್ಡ ಪಾಲು ನೆಲದ ಮೇಲೆ ಮಂಜುಗಡ್ಡೆಯಾಗಿ ಕೂತಿತ್ತು. ಕಡಲ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ನದಿಗಳು ಆ ಕೆಳಗಿನ ಕಡಲಿಗೆ ಇಳಿಯುತ್ತ ಕಣಿವೆಗಳನ್ನು ಕೊರೆದವು. ಮಂಜು ಕರಗಿ ಕಡಲು ಮೇಲೇರಿದಾಗ ನೀರು ಆ ಕಣಿವೆಗಳ ಉದ್ದಕ್ಕೂ ಒಳಗೆ ಬಂತು. ಕೈಬೆರಳುಗಳನ್ನು ಅಗಲಿಸಿ ಹಿಟ್ಟಿನ ಮೇಲೆ ಒತ್ತಿ, ಆ ಗುರುತಿಗೆ ನೀರು ಸುರಿದರೆ ಹೇಗೆ ಕಾಣುತ್ತದೋ, ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾ ಕರಾವಳಿ ಆಕಾಶದಿಂದ ಹಾಗೆ ಕಾಣುತ್ತದೆ.

ಅಲ್ಲಿನ ಆರೌಸಾ ರೀಯಾವನ್ನು ನಕ್ಷೆಯಲ್ಲಿ ದೊಡ್ಡದು ಮಾಡಿ ನೋಡಿ. ನೀಲಿ ನೀರಿನ ಮೇಲೆ ಕಪ್ಪು ಚುಕ್ಕಿಗಳು ಸಾಲುಸಾಲಾಗಿ, ಸಸಿ ನೆಟ್ಟ ಗದ್ದೆಯ ಹಾಗೆ ಕಾಣುತ್ತವೆ. ಅವು ‘ಬಾತೇಯಾ’ಗಳು, ಅಂದರೆ ಮರದ ತೊಲೆಗಳ ತೆಪ್ಪಗಳು. ತೆಪ್ಪದಿಂದ ನೂರಾರು ಹಗ್ಗಗಳು ನೀರೊಳಗೆ ಇಳಿಬಿದ್ದಿರುತ್ತವೆ. ಹಗ್ಗದ ಸುತ್ತ ನಮ್ಮ ಕರಾವಳಿಯವರು ನೀಲಿಕಲ್ಲು, ಮರುವಾಯಿ ಎಂದು ತಿನ್ನುವ ಚಿಪ್ಪುಜೀವಿಗಳ ಬಳಗದ ಒಂದು ಬಗೆ ಅಂಟಿಕೊಂಡು ಬೆಳೆಯುತ್ತದೆ. ಗಲೀಸಿಯಾದ ರೀಯಾಗಳಲ್ಲಿ ಇಂಥ ತೆಪ್ಪಗಳು 3,000ಕ್ಕೂ ಹೆಚ್ಚಿವೆ. ತೆರೆದ ಕಡಲಿನ ಅಬ್ಬರ ತಟ್ಟುವುದಿಲ್ಲ, ಆದರೆ ಕಡಲಿನ ಆಹಾರ ಒಳಗೆ ಬರುತ್ತಲೇ ಇರುತ್ತದೆ. ರೀಯಾದ ಆಕಾರವೇ ಅಲ್ಲಿನವರ ಅನ್ನವಾಗಿದೆ.

ಇದನ್ನು ಇಂಗ್ಲಿಷಿನಲ್ಲಿ ಏನೆನ್ನಬೇಕು? ಜರ್ಮನ್ ಭೂಗೋಳಜ್ಞ ಫರ್ಡಿನಂಡ್ ಫಾನ್ ರಿಖ್ಟ್‌ಹೋಫೆನ್ 1886ರಲ್ಲಿ ‘ರಿಯಾ’ ಎಂಬ ಪದವನ್ನೇ ಶಾಸ್ತ್ರದ ಪದವಾಗಿ ಬಳಕೆಗೆ ತಂದರು. ‘ರೇಷ್ಮೆ ಮಾರ್ಗ’ ಎಂಬ ಹೆಸರನ್ನು ಪ್ರಚಾರಕ್ಕೆ ತಂದವರೂ ಇವರೇ. ಇಂದು ಸಿಡ್ನಿ ಬಂದರನ್ನೂ ಭೂಗೋಳದ ಪುಸ್ತಕಗಳು ರಿಯಾ ಎಂದೇ ಕರೆಯುತ್ತವೆ. ಹಾಗಾದರೆ ‘ರೀಯಾ ಎಂದರೆ ರಿಯಾ’ ಎಂದು ಮುಗಿಸಬಹುದಲ್ಲ? ವಿಜ್ಞಾನದ ಬರಹದಲ್ಲಿ ಸರಿ. ಪ್ರವಾಸಿಗೆ ಅದು ಏನೂ ಹೇಳುವುದಿಲ್ಲ. ಹಾಗೆಂದು ‘ಫಿಯೋರ್ಡ್’ ಎಂದರೆ ನೋಟಕ್ಕೆ ಹತ್ತಿರವಾದರೂ ಹುಟ್ಟಿಗೆ ಸುಳ್ಳು, ಏಕೆಂದರೆ ಫಿಯೋರ್ಡನ್ನು ಕೊರೆದದ್ದು ಹಿಮನದಿ.

ಬಿಲ್ಬಾವೊ ನಗರದಲ್ಲಿ ಇನ್ನೊಂದು ಮುಖ ಕಾಣುತ್ತದೆ. 1997ರಲ್ಲಿ ತೆರೆದ ಗುಗ್ಗೆನ್‌ಹೈಮ್ ಕಲಾ ಸಂಗ್ರಹಾಲಯದ ಪಕ್ಕದಲ್ಲಿ ಹರಿಯುವುದನ್ನು ಹೊರಗಿನವರು ‘ನೆರ್ವಿಯೋನ್ ನದಿ’ ಎನ್ನುತ್ತಾರೆ. ಊರಿನವರಿಗೆ ಅದು ‘ಲಾ ರೀಯಾ’. ಕಡಲು ಕಿಲೋಮೀಟರುಗಟ್ಟಲೆ ದೂರವಿದ್ದರೂ ಅಲ್ಲಿನ ನೀರು ಉಬ್ಬರಕ್ಕೆ ಏರುತ್ತದೆ, ಇಳಿತಕ್ಕೆ ತಗ್ಗುತ್ತದೆ. ಅಲ್ಲಿ ‘ಎಸ್ಚುಅರಿ’ ಎಂಬ ಇಂಗ್ಲಿಷ್ ಪದ ಹೊಂದುತ್ತದೆ. ನಮ್ಮ ‘ಅಳಿವೆ’ಯ ಒಳಭಾಗ ಎನ್ನಬಹುದು. ಒಂದೇ ಪದ ಆರೌಸಾದಲ್ಲಿ ಒಂದು ಅನುವಾದ ಕೇಳುತ್ತದೆ, ಬಿಲ್ಬಾವೊದಲ್ಲಿ ಇನ್ನೊಂದು.

ಗಲೀಸಿಯಾದ ದಕ್ಷಿಣದ ರೀಯಾಗಳಿಗೆ ‘ರೀಯಾಸ್ ಬಾಯ್ಷಾಸ್’ ಎಂಬ ಹೆಸರಿದೆ, ‘ಕೆಳಗಿನ ರೀಯಾಗಳು’ ಎಂದು. ಈ ‘ಕೆಳಗೆ’ ನಕ್ಷೆಯ ಕೆಳಗೆ. ಎತ್ತರಕ್ಕೂ ಆಳಕ್ಕೂ ಸಂಬಂಧವಿಲ್ಲ.

ಎಸ್ತೆರೊ: ಊರಿಗೊಂದು ಅರ್ಥ

ಬಯಲುಸೀಮೆಯವರಿಗೆ ‘ಕೋಡಿ’ ಎಂದರೆ ಕೆರೆ ತುಂಬಿ ಹರಿಯುವ ಜಾಗ. ಕುಂದಾಪುರದವರಿಗೆ ಕೋಡಿ ಎಂದರೆ ಹೊಳೆಗೂ ಕಡಲಿಗೂ ನಡುವೆ ಚಾಚಿಕೊಂಡ ನೆಲದ ತುದಿ. ಹೊಳೆ ನಡುವಿನ ದ್ವೀಪಕ್ಕೆ ಉಡುಪಿ ಕಡೆ ‘ಕುದ್ರು’ ಎಂದರೆ, ಹೊನ್ನಾವರದ ಕಡೆ ‘ಕುರ್ವೆ’. ಒಂದು ಜಿಲ್ಲೆ ದಾಟುವಷ್ಟರಲ್ಲಿ ಇಷ್ಟು ಬದಲಾದರೆ, ಸ್ಪೇನಿನಿಂದ ಚಿಲಿಯವರೆಗೆ, ಅಲ್ಲಿಂದ ಫಿಲಿಪೀನ್ಸ್‌ವರೆಗೆ ಪಯಣಿಸಿದ ಪದದ ಗತಿ ಏನಾಗಿರಬೇಡ!

ಎಸ್ತೆರೊ ಅಂಥ ಪದ. ಇಂಗ್ಲಿಷಿನ ಎಸ್ಚುಅರಿಯೂ ಇದೂ ಒಂದೇ ಲ್ಯಾಟಿನ್ ತಾಯಿಯ ಮಕ್ಕಳು. ದಕ್ಷಿಣ ಸ್ಪೇನಿನ ಕಾದಿಸ್‌ನಲ್ಲಿ ಎಸ್ತೆರೊ ಎಂದರೆ ಉಪ್ಪಿನಾಗರದ ಪಕ್ಕ ಉಬ್ಬರದ ನೀರನ್ನು ಹಿಡಿದಿಡುವ ಹೊಂಡ. ನೀರಿನ ಜೊತೆ ಬಂದ ಮೀನಿನ ಮರಿಗಳು ಅಲ್ಲೇ ಬೆಳೆಯುತ್ತವೆ, ಕೊನೆಗೆ ನೀರು ಬಸಿದು ಹಿಡಿಯುತ್ತಾರೆ. ಅಘನಾಶಿನಿ ತೀರದ ಗಜನಿಗಳನ್ನು ಕಂಡವರಿಗೆ ಇದು ತೀರ ಅಪರಿಚಿತವೆನಿಸದು. ಈಕ್ವೆಡಾರ್‌ನ ಗ್ವಾಯಾಕಿಲ್ ನಗರದಲ್ಲಿ ‘ಎಸ್ತೆರೊ ಸಲಾದೊ’ ಎಂದರೆ ಊರೊಳಗೆ ನುಗ್ಗುವ ಉಪ್ಪುನೀರಿನ ಕವಲು, ದಡದಲ್ಲಿ ಕಾಂಡ್ಲಾ ಗಿಡಗಳು. ಚಿಲಿಯ ನಡುಭಾಗದಲ್ಲಿ ಎಸ್ತೆರೊ ಎಂದರೆ ಬೆಟ್ಟದಿಂದ ಇಳಿಯುವ ಸಣ್ಣ ಹೊಳೆ. ಅದೇ ಚಿಲಿಯ ದಕ್ಷಿಣಕ್ಕೆ ಇಳಿದರೆ ‘ಎಸ್ತೆರೊ ರೆಲೊಂಕಾವಿ’ ಹಿಮನದಿ ಕೊರೆದ ಆಳವಾದ ಕಡಲ ತೋಳು. ಅರ್ಜೆಂಟೀನಾದ ‘ಎಸ್ತೆರೋಸ್ ದೆಲ್ ಇಬೆರಾ’ ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿನ ಸಿಹಿನೀರಿನ ಜೌಗು. ಮನಿಲಾದಲ್ಲಿ ಎಸ್ತೆರೊ ಎಂದರೆ ಮನೆಗಳ ಹಿಂದೆ ಹರಿಯುವ ನಗರದ ಕಾಲುವೆ.

ಇವುಗಳಿಗೆ ಇಂಗ್ಲಿಷಿನಲ್ಲಿ ಕ್ರಮವಾಗಿ ಆರು ಬೇರೆ ಪದ ಬೇಕು. ‘ಎಸ್ತೆರೊ = ಎಸ್ಚುಅರಿ’ ಎಂದು ಒಂದೇ ಸಾಲಿನಲ್ಲಿ ಕೊಡುವ ನಿಘಂಟು ಚಿಲಿಯ ಬೆಟ್ಟದ ತೊರೆಯನ್ನು ಕಡಲಿಗೆ ತಂದು ಹಾಕುತ್ತದೆ. ಫೋನಿನ ಅನುವಾದಕ ಯಂತ್ರಗಳೂ ಇಲ್ಲಿ ಸುಲಭವಾಗಿ ಎಡವುತ್ತವೆ. ಅವು ಪದದ ಅಕ್ಕಪಕ್ಕದ ಪದಗಳನ್ನು ನೋಡುತ್ತವೆ, ಜಾಗದ ಸುತ್ತಲಿನ ನೆಲವನ್ನು ನೋಡುವುದಿಲ್ಲ. ಫಿಲಿಪೀನ್ಸ್‌ನ ಇಂಗ್ಲಿಷ್ ಪತ್ರಿಕೆಗಳು ‘ಎಸ್ತೆರೊ’ವನ್ನು ಅನುವಾದಿಸದೆ ಹಾಗೇ ಬರೆಯುತ್ತವೆ. ಅದೇ ಸರಿ ಎಂದು ನನಗನಿಸುತ್ತದೆ, ಅಲ್ಲಿನ ಓದುಗರಿಗೆ ಅದು ಮನೆಮಾತು.

ತೋಳಿನೊಳಗಿನ ಕಿರುಕಡಲು

ಸ್ಪೇನಿನ ಆಗ್ನೇಯ ಕರಾವಳಿಯಲ್ಲಿ ಮೂರ್ಸಿಯಾ ಎಂಬ ಪ್ರಾಂತವಿದೆ. ಅಲ್ಲಿ ಸುಮಾರು 21 ಕಿಲೋಮೀಟರ್ ಉದ್ದದ ಮರಳಿನ ಪಟ್ಟಿಯೊಂದು ಮೆಡಿಟರೇನಿಯನ್ ಕಡಲಿಗೆ ಅಡ್ಡ ಮಲಗಿದೆ. ಕೆಲವು ಕಡೆ ಅದರ ಅಗಲ ನೂರು-ಇನ್ನೂರು ಮೀಟರ್ ಅಷ್ಟೆ. ಅದರ ಹೆಸರು ‘ಲಾ ಮಾಂಗಾ’. ಮಾಂಗಾ ಎಂದರೆ ಅಂಗಿಯ ತೋಳು. ನಮ್ಮ ಮಂಗಳೂರಿನ ಬೆಂಗ್ರೆಯಲ್ಲಿ ನಿಂತು ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ನೋಡಿದವರಿಗೆ ಚಿತ್ರ ಸಿಗುತ್ತದೆ. ಅಲ್ಲಿ ಹೊಳೆಯ ಬದಲು ಸುಮಾರು 135 ಚದರ ಕಿಲೋಮೀಟರ್ ಹರವಿನ, ಏಳು ಮೀಟರಿನಷ್ಟೇ ಆಳದ ಉಪ್ಪುನೀರಿನ ತಾಣವಿದೆ. ಅದು ‘ಮಾರ್ ಮೆನೋರ್’, ಕಿರುಕಡಲು. ಕಿರುಕಡಲನ್ನೂ ಹಿರಿಕಡಲನ್ನೂ ಸೇರಿಸುವ ಕಿಂಡಿಗಳೇ ಮೇಲೆ ಹೇಳಿದ ‘ಗೋಲಾ’ಗಳು, ಗಂಟಲುಗಳು.

ಮಾರ್ ಮೆನೋರ್ ಹೆಸರನ್ನು ಇಂಗ್ಲಿಷ್ ಪತ್ರಿಕೆಗಳು ಅನುವಾದಿಸದೆ ಬಿಟ್ಟು, ಮುಂದೆ ‘ಲಗೂನ್’, ಅಂದರೆ ಕಡಲಂಚಿನ ಹಿನ್ನೀರು, ಎಂದು ಸೇರಿಸುತ್ತವೆ. ಒಳ್ಳೆಯ ದಾರಿ ಇದು. ‘ಮೈನರ್ ಸೀ’ ಎಂದು ಬರೆದಿದ್ದರೆ ಓದುಗರು ಅದನ್ನು ಕಡಲೆಂದೇ ತಿಳಿಯುತ್ತಿದ್ದರು. ಸುತ್ತಲಿನ ಹೊಲಗಳ ಗೊಬ್ಬರ ನೀರಿಗೆ ಸೇರಿ, 2019ರಲ್ಲೂ 2021ರಲ್ಲೂ ಉಸಿರಿಲ್ಲದೆ ಸತ್ತ ಮೀನುಗಳು ಅಲ್ಲಿ ರಾಶಿರಾಶಿಯಾಗಿ ದಡಕ್ಕೆ ಬಂದವು. ಜನ ಲಕ್ಷಗಟ್ಟಲೆ ಸಹಿ ಸಂಗ್ರಹಿಸಿದರು. 2022ರಲ್ಲಿ ಸ್ಪೇನಿನ ಸಂಸತ್ತು ಈ ಕಿರುಕಡಲಿಗೆ ಮನುಷ್ಯನಿಗಿರುವಂತೆ ಕಾನೂನಿನ ವ್ಯಕ್ತಿತ್ವ ಕೊಟ್ಟಿತು. ಯೂರೋಪಿನಲ್ಲಿ ಹಾಗೆ ಮಾನ್ಯತೆ ಪಡೆದ ಮೊದಲ ಜಲತಾಣವಿದು.

ಮಾಂಗಾ ಪದದ ಜೊತೆ ಅಂಟಿಕೊಂಡ ಹಳೆಯ ತಪ್ಪೊಂದನ್ನು ಹೇಳದೆ ಮುಂದೆ ಹೋಗಲಾರೆ. ಇಂಗ್ಲೆಂಡು-ಫ್ರಾನ್ಸ್ ನಡುವಿನ ಇಂಗ್ಲಿಷ್ ಕಾಲುವೆಯನ್ನು ಫ್ರೆಂಚರು ‘ಲಾ ಮಾಂಶ್’ ಎನ್ನುತ್ತಾರೆ, ಅಂಗಿಯ ತೋಳು ಎಂದೇ ಅರ್ಥ. ಸ್ಪ್ಯಾನಿಷ್‌ಗೆ ಬರುವಾಗ ಅದು ‘ಮಾಂಗಾ’ ಆಗಬೇಕಿತ್ತು. ಸದ್ದು ಹತ್ತಿರವಿದ್ದ ‘ಮಾಂಚಾ’ ಆಯಿತು. ಮಾಂಚಾ ಎಂದರೆ ಕಲೆ. ಅಂಗಿಯ ತೋಳು ಹೋಗಿ ಅಂಗಿಯ ಮೇಲಿನ ಕಲೆ ಉಳಿಯಿತು, ಇಂದಿಗೂ ಸ್ಪ್ಯಾನಿಷ್ ನಕ್ಷೆಗಳಲ್ಲಿ ಹಾಗೇ ಇದೆ.

ಮರಳಪಟ್ಟಿಯ ಹಿಂದೆ ನಿಂತ ನೀರಿಗೆ ಸ್ಪ್ಯಾನಿಷ್‌ನಲ್ಲಿ ‘ಅಲ್ಬುಫೇರಾ’ ಎಂಬ ಪದವೂ ಇದೆ. ಶತಮಾನಗಳ ಕಾಲ ಸ್ಪೇನಿನಲ್ಲಿದ್ದ ಅರಬ್ಬಿ ಭಾಷೆಯಿಂದ ಬಂದದ್ದು, ಮೂಲ ಅರ್ಥ ‘ಪುಟ್ಟ ಕಡಲು’. ಅರಬ್ಬಿಯಲ್ಲಿ ಬಹರ್ ಎಂದರೆ ಕಡಲು. ನಮ್ಮವರು ಕೆಲಸಕ್ಕೆ ಹೋಗುವ ಬಹರೇನ್‌ನ ಹೆಸರಲ್ಲಿರುವುದೂ ಅದೇ, ‘ಎರಡು ಕಡಲು’.

ಹಾಗಾದರೆ ‘ಲಗುನಾ’? ಅದು ಲಗೂನ್ ಅಲ್ಲವೇ? ಕೆಲವೊಮ್ಮೆ ಮಾತ್ರ. ಇಂಗ್ಲಿಷಿನ ಲಗೂನ್ ಕಡಲ ಪಕ್ಕವೇ ಇರಬೇಕು. ಸ್ಪ್ಯಾನಿಷ್‌ನ ಲಗುನಾ ಎಲ್ಲಿ ಬೇಕಾದರೂ ಇರಬಹುದಾದ ಸಣ್ಣ ಸರೋವರ. ಬೊಲಿವಿಯಾದ ಕೆಂಪು ನೀರಿನ ‘ಲಗುನಾ ಕೊಲೊರಾದಾ’ 4,200 ಮೀಟರಿಗೂ ಎತ್ತರದ ಆಂಡಿಸ್ ಬೆಟ್ಟಗಳ ಮೇಲಿದೆ. ‘ಪ್ಲಾಯಾ’ ಎಂಬ ಪದವೂ ಹೀಗೇ ಮೋಸ ಮಾಡುತ್ತದೆ. ಸ್ಪ್ಯಾನಿಷ್‌ನಲ್ಲಿ ಅದು ಕಡಲ ಕಿನಾರೆ. ಆದರೆ ಅಮೆರಿಕದ ಮರುಭೂಮಿ ಸೀಮೆಯಲ್ಲಿ ಅದೇ ಪದ ಇಂಗ್ಲಿಷಿಗೆ ಸೇರಿ ‘ಒಣಗಿದ ಕೆರೆಯಂಗಳ’ ಎಂದಾಗಿದೆ. ಭೂವಿಜ್ಞಾನದ ಇಂಗ್ಲಿಷ್ ಪುಸ್ತಕದಲ್ಲಿ ‘ಪ್ಲಾಯಾ’ ಕಂಡರೆ ಅಲ್ಲಿ ಅಲೆಗಳಿಲ್ಲ.

ಕಿವಿ ಮಾಡಿದ ಅನುವಾದಗಳು

ದಕ್ಷಿಣ ಅಮೆರಿಕದ ಕಟ್ಟಕಡೆಯ ಭೂಶಿರವನ್ನು 1616ರಲ್ಲಿ ಸುತ್ತಿದ ಡಚ್ ನಾವಿಕರು ತಮ್ಮ ‘ಹೋರ್ನ್’ ಎಂಬ ಊರಿನ ಹೆಸರನ್ನು ಅದಕ್ಕಿಟ್ಟರು. ಸ್ಪ್ಯಾನಿಷ್‌ನಲ್ಲಿ ಅದು ‘ಕಾಬೊ ದೆ ಓರ್ನೋಸ್’ ಆಯಿತು, ಅಂದರೆ ‘ಒಲೆಗಳ ಭೂಶಿರ’. ಇಂಗ್ಲಿಷಿನಲ್ಲಿ ‘ಕೇಪ್ ಹಾರ್ನ್’, ಕೊಂಬಿನ ಭೂಶಿರ. ಆ ಕೊರೆಯುವ ಚಳಿಯಲ್ಲಿ ಒಲೆಯೂ ಇಲ್ಲ, ಕೊಂಬೂ ಇಲ್ಲ. ಸ್ಪ್ಯಾನಿಷ್ ಹೆಸರಿನಿಂದ ಇಂಗ್ಲಿಷಿಗೆ ಅರ್ಥ ಹಿಡಿದು ಅನುವಾದಿಸಿದರೆ ಮೂಲ ಊರು ಇನ್ನಷ್ಟು ದೂರ ಹೋಗುತ್ತದೆ.

‘ರೀಯೊ ದೆ ಲಾ ಪ್ಲಾತಾ’ದ್ದು ಬೇರೆ ಬಗೆ. ಪ್ಲಾತಾ ಎಂದರೆ ಬೆಳ್ಳಿ. ಇಂಗ್ಲಿಷಿನಲ್ಲಿ ‘ರಿವರ್ ಪ್ಲೇಟ್’. ಇದು ತಪ್ಪು ಅನುವಾದವೆಂದು ಹಲವರು ಭಾವಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಪ್ಲೇಟ್ ಎಂದರೂ ಬೆಳ್ಳಿಯೇ, ಅಂದರೆ ಅನುವಾದ ಸರಿಯಾಗಿತ್ತು, ಕಾಲಾಂತರದಲ್ಲಿ ಪದದ ಅರ್ಥ ತಟ್ಟೆಯ ಕಡೆ ಸರಿಯಿತು. ತೊಡಕಿರುವುದು ‘ನದಿ’ ಎಂಬ ಬಗೆಪದದಲ್ಲಿ. ಕಡಲು ಸೇರುವಲ್ಲಿ ಅದರ ಬಾಯಿ ಸುಮಾರು 220 ಕಿಲೋಮೀಟರ್ ಅಗಲ, ಬೆಂಗಳೂರಿನಿಂದ ಚಿತ್ರದುರ್ಗಕ್ಕಿಂತಲೂ ಹೆಚ್ಚು. ಅದನ್ನು ನದಿ ಎನ್ನಬೇಕೆ, ಅಳಿವೆ ಎನ್ನಬೇಕೆ, ಕೊಲ್ಲಿ ಎನ್ನಬೇಕೆ ಎಂಬ ಚರ್ಚೆ ಭೂಗೋಳಜ್ಞರಲ್ಲಿ ಇದ್ದೇ ಇದೆ.

‘ರಾದಾ’ ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ರೋಡ್‌ಸ್ಟೆಡ್’ ಅಥವಾ ಬರೀ ‘ರೋಡ್ಸ್’ ಎನ್ನುತ್ತಾರೆ. ಬಂದರಿನ ಹೊರಗೆ ಹಡಗು ಲಂಗರು ಹಾಕಿ ಕಾಯುವ ನೀರು ಅದು. ವರ್ಜೀನಿಯಾದ ‘ಹ್ಯಾಂಪ್ಟನ್ ರೋಡ್ಸ್’ ಕುರಿತ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ರಸ್ತೆ’ ಎಂದು ಬರೆಯುವುದಕ್ಕೆ ಒಂದು ಕ್ಷಣದ ಮೈಮರೆವು ಸಾಕು.

ಪದ ಕಾನೂನಾದಾಗ

ಇಲ್ಲಿಯವರೆಗಿನ ತಪ್ಪುಗಳಿಂದ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಕಡಲಂಚಿನ ಪದ ಕಾನೂನಿನೊಳಗೆ ಕೂತಾಗ ಲೆಕ್ಕ ಬೇರೆಯಾಗುತ್ತದೆ.

ಸ್ಪೇನಿನಲ್ಲಿ 1988ರಲ್ಲಿ ‘ಲೇಯ್ ದೆ ಕೋಸ್ತಾಸ್’, ಅಂದರೆ ಕರಾವಳಿ ಕಾಯಿದೆ ಬಂತು. ಕಡಲ ‘ರಿಬೇರಾ’, ಅಂದರೆ ದಡ, ಸಾರ್ವಜನಿಕರದು, ಖಾಸಗಿಯವರದಲ್ಲ ಎಂಬುದು ಅದರ ತಿರುಳು. ಆ ಗಡಿಯೊಳಗೆ ಬಿದ್ದ ಮನೆಗಳ ಮಾಲೀಕರಿಗೆ ಮಾಲೀಕತ್ವದ ಬದಲು ನಿಗದಿತ ವರ್ಷಗಳ ಬಳಕೆಯ ಪರವಾನಗಿ ಸಿಕ್ಕಿತು. 2013ರ ತಿದ್ದುಪಡಿ ಅದನ್ನು ಹೆಚ್ಚೆಂದರೆ 75 ವರ್ಷಕ್ಕೆ ವಿಸ್ತರಿಸಿತು. ಸ್ಪೇನಿನ ಬಿಸಿಲಿಗೆ ಮನಸೋತು ಕಡಲ ಪಕ್ಕ ಮನೆ ಕೊಳ್ಳುವ ಇಂಗ್ಲಿಷರು ಬಹಳ. ಅವರ ಕೈಗೆ ಬರುವುದು ಅನುವಾದಗೊಂಡ ಕಾಗದ.

ಈಗ ಕಾಯಿದೆಯ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಸಾರ್ವಜನಿಕ ವಲಯ ಕಡಲ ಕಡೆಯಿಂದ ಒಳನಾಡಿನ ಕಡೆಗೆ ಎಲ್ಲಿಯವರೆಗೆ? ‘ಗೊತ್ತಿರುವ ಅತಿ ದೊಡ್ಡ ತೆಂಪೊರಾಲೆಸ್‌ಗಳಲ್ಲಿ ಅಲೆಗಳು ತಲುಪುವವರೆಗೆ’. ತೆಂಪೊರಾಲ್ ಎಂದರೆ ಕಡಲ ಬಿರುಗಾಳಿ. ಅದೇ ಅಕ್ಷರಗಳ ‘ಟೆಂಪೊರಲ್’ ಇಂಗ್ಲಿಷಿನಲ್ಲಿ ‘ಕಾಲಕ್ಕೆ ಸಂಬಂಧಿಸಿದ’ ಎಂಬ ಅರ್ಥದ್ದು. ನೋಡಲು ಅಕ್ಕತಂಗಿಯರಂತಿರುವ ಈ ಎರಡು ಪದಗಳನ್ನು ಒಂದೇ ಎಂದುಕೊಂಡರೆ ಇಡೀ ಗಡಿಯೇ ಅಳಿಸಿಹೋಗುತ್ತದೆ. ಕಡಲ ಕಡೆಯ ಕೆಳಗಿನ ಗಡಿಗೆ ಬಳಸಿರುವ ಪದಗುಚ್ಛದಲ್ಲಿ ‘ವೀವಾ’ ಎಂದಿದೆ, ‘ಜೀವಂತ’. ಸ್ಪ್ಯಾನಿಷ್ ನಾವಿಕರು ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರವಿಳಿತವನ್ನು ‘ಜೀವಂತ’ ಎಂದೂ ಅಷ್ಟಮಿಯ ಆಸುಪಾಸಿನ ಸಪ್ಪೆಯದನ್ನು ‘ಸತ್ತದ್ದು’ ಎಂದೂ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಮೊದಲಿನದು ‘ಸ್ಪ್ರಿಂಗ್ ಟೈಡ್’, ಜಿಗಿಯುವ ನೀರು. ವಸಂತಕ್ಕೂ ಅದಕ್ಕೂ ನಂಟಿಲ್ಲ.

ಬಿರುಗಾಳಿಯ ಅಲೆಯನ್ನು ಅಳತೆಗೋಲು ಮಾಡಿದ್ದಕ್ಕೆ ಕಾರಣವಿದೆ. ಸ್ಪೇನಿನ ಅಟ್ಲಾಂಟಿಕ್ ಕಡೆ ನೀರು ಮೀಟರುಗಟ್ಟಲೆ ಏರಿಳಿಯುತ್ತದೆ. ಮೆಡಿಟರೇನಿಯನ್ ಕಡೆ ಉಬ್ಬರವಿಳಿತ ಕಣ್ಣಿಗೆ ಬೀಳುವುದೇ ಕಷ್ಟ. ಉಬ್ಬರದ ಗೆರೆಯೊಂದನ್ನೇ ನಂಬಿದ್ದರೆ ಆ ಕಡೆಯ ಕರಾವಳಿಗೆ ರಕ್ಷಣೆಯೇ ಇರುತ್ತಿರಲಿಲ್ಲ.

‘ಪ್ಲಾಯಾ’ ಕೂಡ ಈ ಕಾಯಿದೆಯಲ್ಲಿ ಮರಳಷ್ಟೇ ಅಲ್ಲ. ಜಲ್ಲಿ, ಉರುಟುಕಲ್ಲು, ಮರಳದಿಬ್ಬ ಎಲ್ಲ ಸೇರಿ ಪ್ಲಾಯಾ. ಅನುವಾದದಲ್ಲಿ ‘ಬೀಚ್’ ಎಂದು ಓದಿದವನು, ದಿಬ್ಬದ ಮೇಲಿರುವ ತನ್ನ ಮನೆ ಬೀಚಿನಲ್ಲಿಲ್ಲ ಎಂದೇ ನಂಬುತ್ತಾನೆ. ಉಬ್ಬರದಿಂದಲೋ ಅಲೆಯಿಂದಲೋ ಮುಳುಗುವ ತಗ್ಗು ನೆಲಗಳನ್ನು ಹೆಸರಿಸುವಾಗ ಕಾಯಿದೆ ಬಳಸುವ ಪದಗಳಲ್ಲಿ ಅಲ್ಬುಫೇರಾ ಇದೆ, ಎಸ್ತೆರೊ ಇದೆ, ಉಪ್ಪುಜೌಗು ಎಂಬರ್ಥದ ಮರೀಸ್ಮಾ ಇದೆ. ಇಲ್ಲಿ ಎಸ್ತೆರೊವನ್ನು ಚಿಲಿಯ ‘ತೊರೆ’ ಎಂದು ತಂದರೆ ಕಾದಿಸ್‌ನ ಉಬ್ಬರದ ಹೊಂಡ ಓದುಗನ ಕಣ್ಣಿಂದ ತಪ್ಪಿಹೋಗುತ್ತದೆ.

ದೇಶ ದೇಶಗಳ ನಡುವೆಯೂ ಇದೇ ಕಥೆ. 1982ರ ವಿಶ್ವಸಂಸ್ಥೆಯ ಕಡಲ ಕಾನೂನು ಒಪ್ಪಂದದ ಆರು ಭಾಷೆಗಳ ಪಠ್ಯಗಳೂ ಸಮಾನ ಅಧಿಕೃತ. ಸ್ಪ್ಯಾನಿಷ್, ಇಂಗ್ಲಿಷ್ ಎರಡೂ ಅದರಲ್ಲಿವೆ. ಹೆಸರಲ್ಲಿ ಏನೇ ಇರಲಿ, ಆ ಒಪ್ಪಂದ ನೋಡುವುದು ನೀರಿನ ಮೇಲೆ ಏನು ಉಳಿಯುತ್ತದೆ ಎಂಬುದನ್ನು. ಉಬ್ಬರದಲ್ಲೂ ಮುಳುಗದ ನೆಲ ದ್ವೀಪ. ಅದರಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್ ದೂರದವರೆಗೆ ಮೀನು, ಎಣ್ಣೆಯ ಮೇಲಿನ ಹಕ್ಕು ಕೇಳಬಹುದು. ಮುಳುಗದಿದ್ದರೂ ಜನ ಬಾಳಲಾಗದ ಬರೀ ಬಂಡೆಯಾದರೆ ಸುತ್ತ 12 ನಾಟಿಕಲ್ ಮೈಲಿ ಮಾತ್ರ. ಇಳಿತದಲ್ಲಷ್ಟೇ ತಲೆ ತೋರಿ ಉಬ್ಬರದಲ್ಲಿ ಮುಳುಗುವಂಥದ್ದು ದಡದಿಂದ ದೂರವಿದ್ದರೆ ಅದಕ್ಕೆ ಸ್ವಂತ ಹಕ್ಕಿನ ಕಡಲೇ ಇಲ್ಲ.

ದಕ್ಷಿಣ ಚೀನಾ ಸಮುದ್ರದಲ್ಲಿ, ಫಿಲಿಪೀನ್ಸ್‌ನ ಲುಸೋನ್ ದ್ವೀಪದಿಂದ ಸುಮಾರು 220 ಕಿಲೋಮೀಟರ್ ಆಚೆ, ತ್ರಿಕೋನಾಕಾರದ ಹವಳದ ದಿಬ್ಬವೊಂದಿದೆ. ಫಿಲಿಪೀನ್ಸ್ ಇದನ್ನು ಇಂದಿಗೂ ಸ್ಪ್ಯಾನಿಷ್ ಹೆಸರಿನಿಂದಲೇ ‘ಬಾಹೊ ದೆ ಮಾಸಿನ್ಲೋಕ್’ ಎನ್ನುತ್ತದೆ. ಮಾಸಿನ್ಲೋಕ್ ಎದುರಿನ ದಡದ ಊರು. ಬಾಹೊ ಎಂಬ ಪದಕ್ಕೆ ‘ತಗ್ಗು’, ‘ಕೆಳಗೆ’, ‘ಕುಳ್ಳ’ ಎಂಬ ಅರ್ಥಗಳಿವೆ, ‘ಮಾಸಿನ್ಲೋಕ್‌ನ ಕೆಳಗೆ’ ಎಂದು ಯಂತ್ರ ಬರೆದರೂ ಅಚ್ಚರಿಯಿಲ್ಲ. ನಾವಿಕರ ಬಾಯಲ್ಲಿ ಅದು ಹಡಗಿನ ತಳ ತಾಗಿಸುವ, ನೀರಡಿಯ ದಿಬ್ಬ. ಇಂಗ್ಲಿಷಿನಲ್ಲಿ ಅದು ‘ಸ್ಕಾರ್ಬರೊ ಶೋಲ್’. ಅಲ್ಲಿ ಸಿಕ್ಕಿಕೊಂಡ ಸ್ಕಾರ್ಬರೊ ಎಂಬ ಹಡಗಿನ ಹೆಸರು ಮೊದಲು, ದಿಬ್ಬ ಎಂಬರ್ಥದ ಶೋಲ್ ಆಮೇಲೆ. ಚೀನಾದ ಹೆಸರು ‘ಹುವಾಂಗ್‌ಯೆನ್ ದಾವೊ’. ಹುವಾಂಗ್‌ಯೆನ್ ಎಂದರೆ ಹಳದಿ ಬಂಡೆ, ದಾವೊ ಎಂದರೆ ದ್ವೀಪ. ಫಿಲಿಪೀನ್ಸ್ ಮತ್ತು ಚೀನಾ ನಡುವಿನ ಕಡಲ ವ್ಯಾಜ್ಯದಲ್ಲಿ 2016ರ ಜುಲೈ 12ರಂದು ಹೇಗ್‌ನ ಮಧ್ಯಸ್ಥಿಕೆ ಮಂಡಳಿ ತೀರ್ಪು ಕೊಟ್ಟಾಗ ಅದು ದಿಬ್ಬವನ್ನೂ ಹಿಡಿಯಲಿಲ್ಲ, ದ್ವೀಪವನ್ನೂ ಹಿಡಿಯಲಿಲ್ಲ. ಉಬ್ಬರ ಬಂದಾಗ ಅಲ್ಲಿ ನೀರಿನ ಮೇಲೆ ಉಳಿಯುವುದು ಕೆಲವೇ ಅಡಿ ಎತ್ತರದ ಬೆರಳೆಣಿಕೆಯ ಕಲ್ಲುಗಳು. ಕಾನೂನಿನ ಕಣ್ಣಿಗೆ ಅವು ಬಂಡೆಗಳು ಎಂದು ಮಂಡಳಿ ಹೇಳಿತು. ಚೀನಾ ಆ ತೀರ್ಪನ್ನು ಒಪ್ಪಿಲ್ಲ, ಮೂರೂ ಹೆಸರು ಇಂದಿಗೂ ಚಾಲ್ತಿಯಲ್ಲಿವೆ.